ನಾರ್ತ್ ಬೆರಿಕ್‌ಗೆ ಹೋಗುವುದಾದರೆ ಎರಡು ದಿನ ಆಡಿ

2016ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಗಾಲ್ಫ್ ಆಡಿ ಬಂದಮೇಲೆ ಸಿಕ್ಕಸಿಕ್ಕವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ. "ಎಲ್ಲಿಗೆ ಬೇಕಾದರೂ ಹೋಗಿ, ನಾರ್ತ್ ಬೆರಿಕ್‌ಗೆ ಮಾತ್ರ ಹೋಗ್ಬೇಡಿ. ದುಡ್ಡು ದಂಡ." ನನ್ನ ಮಾತು ನಂಬಿ ಮೂರು ಜನ ಅದನ್ನು ತಮ್ಮ ಪಟ್ಟಿಯಿಂದ ಹೊಡೆದುಹಾಕಿದರು. ಕಳೆದ ಸೆಪ್ಟೆಂಬರಿನಲ್ಲಿ ಅದೇ ಊರಿಗೆ ಮತ್ತೆ ಹೋಗಿ ಎರಡು ದಿನ ಆಡಿ ಬಂದೆ. ಬಂದವನೇ ಆ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಉಳಿದಿಬ್ಬರಿಗೆ ಹೇಳಲು ಇನ್ನೂ ಧೈರ್ಯ ಬಂದಿಲ್ಲ. ಅವರು ಇದನ್ನು ಓದಲಿ.

ಹಾಗಂತ ಅಂದು ಆಡಿದ್ದನ್ನೆಲ್ಲ ವಾಪಸ್ ತಗೊಳ್ಳುತ್ತಿಲ್ಲ. ಮೊದಲನೇ ಹೋಲ್ (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ತೂತಿನ ತನಕದ ಪಟ್ಟಿ) ಮೇಲೆ ನನ್ನ ಸಿಟ್ಟು ಹಾಗೇ ಇದೆ. ಈ ಸಲ ಬಸ್ಸು ಮತ್ತು ರೂಮು ಬೇರೆ ಸೇರಿಕೊಂಡವು.

ಮೊದಲು ಹೆಸರಿನ ವಿಷಯ. ಬರೆಯುವುದು ಬೆರ್ವಿಕ್ ಅಂತ, ಕರೆಯುವುದು ಬೆರಿಕ್. ಇನ್ನೊಂದು ಬೆರಿಕ್ ಕೂಡ ಇದೆ, ಟ್ವೀಡ್ ನದಿಯ ಬಾಯಲ್ಲಿ. ಅದು ಇಂಗ್ಲೆಂಡಿಗೆ ಸೇರಿದ್ದು, ಅದರ ರೈಲೇ ಬೇರೆ. ಟಿಕೆಟ್ ತಗೊಳ್ಳುವಾಗ ‘ನಾರ್ತ್’ ಅನ್ನುವುದನ್ನು ಸ್ವಲ್ಪ ಜೋರಾಗಿಯೇ ಹೇಳಿ.

ಈಗ ಬಸ್ಸು. ಎಡಿನ್‌ಬರಾದ ವೇವರ್ಲಿ ಸ್ಟೇಷನ್ನಿಂದ ನಾರ್ತ್ ಬೆರಿಕ್‌ಗೆ ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲೈನಿನ ಕೊನೇ ಸ್ಟೇಷನ್ ಅದು, ನಿದ್ದೆ ಹೋದರೂ ಊರು ತಪ್ಪುವುದಿಲ್ಲ. ಇದನ್ನೇ ನಂಬಿ ಭಾನುವಾರ ಬೆಳಿಗ್ಗೆ ಹೊರಟೆ. ಜೊತೆಗೆ ಅಕ್ಕನ ಮಗ. ಅವನು ಎಡಿನ್‌ಬರಾದಲ್ಲೇ ಕೆಲಸದಲ್ಲಿದ್ದಾನೆ. ಸ್ಟೇಷನ್ನಿಗೆ ಹೋದರೆ ಹಳಿ ರಿಪೇರಿ, ರೈಲಿಲ್ಲ, ಬದಲಿ ಬಸ್ಸು ಹತ್ತಿ ಅಂದರು. ಅದು ದೂರದ ಊರಿನ ಬಸ್ಸಲ್ಲ, ಡಿಕ್ಕಿಯೇ ಇಲ್ಲದ ಸಿಟಿ ಬಸ್ಸು. ಗಾಲ್ಫ್ ಬ್ಯಾಗನ್ನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡೆ. ಮಸಲ್‌ಬರಾ, ಪ್ರೆಸ್ಟನ್‌ಪ್ಯಾನ್ಸ್, ಲಾಂಗ್‌ನಿಡ್ರಿ, ಡ್ರೆಮ್, ಹೀಗೆ ರೈಲಿನ ಒಂದೊಂದು ಸ್ಟೇಷನ್ನಿಗೂ ಬಸ್ಸು ಊರೊಳಗೆ ನುಗ್ಗಿ ಹೊರಗೆ ಬರುತ್ತಿತ್ತು. ತಿರುವು ಬಂದಾಗಲೆಲ್ಲ ನನ್ನ 4 ಐರನ್ (ಲೋಹದ ತಲೆಯ ಗಾಲ್ಫ್ ಕೋಲು) ಮುಂದಿನ ಸೀಟಿನ ಅಜ್ಜಿಯ ಟೋಪಿ ಮುಟ್ಟುತ್ತಿತ್ತು. ನಾನು ಸಾರಿ ಅನ್ನುವುದು, ಅವರು ನಗುವುದು. ಮೂರನೇ ಸಾರಿಗೆ ನಗು ನಿಂತಿತು. ಒಂದೂವರೆ ಗಂಟೆ ಹಿಡಿಯಿತು. ನಮ್ಮ ಆಟದ ಸಮಯ ತಪ್ಪಿತು. ಹಿಂದಿನ ಗುಂಪಿನಲ್ಲಿ ಇಬ್ಬರು ಬಾರದೇ ಇದ್ದದ್ದು ನಮ್ಮ ಪುಣ್ಯ, ಅಲ್ಲಿ ಸೇರಿಸಿಕೊಂಡರು.

ಆದ್ದರಿಂದ ಭಾನುವಾರ ಹೋಗುವವರು ಹಿಂದಿನ ರಾತ್ರಿಯೇ ರೈಲು ಇದೆಯಾ ಅಂತ ನೋಡಿಕೊಳ್ಳಿ. ಆಟವನ್ನು ಮಧ್ಯಾಹ್ನಕ್ಕೆ ಬುಕ್ ಮಾಡಿ. ಬೆಳಗಿನ ಸಮಯದ ಆಸೆ ಬಿಡಿ.

ಅದೇ ಬಸ್ಸಿನ ಕಿಟಕಿಯಿಂದ ಮಸಲ್‌ಬರಾದ ಹಳೇ ಮೈದಾನದ ಕಡೆ ಕೈ ತೋರಿಸಿ ಅಳಿಯ ಹೇಳಿದ, "ಮಾವ, ಅದು ನಿಮ್ಮ ಮೈಸೂರಿನ ಥರಾನೇ." ನಿಜ. ಮೈಸೂರಿನಲ್ಲಿ ರೇಸ್ ಕೋರ್ಸ್ ಒಳಗೆ ಗಾಲ್ಫ್ ಆಡುತ್ತಾರಲ್ಲ, ಇಲ್ಲೂ ಕುದುರೆ ಓಡುವ ಟ್ರ್ಯಾಕಿನ ಒಳಗೇ 9 ಹೋಲ್. 1874ರಿಂದ 1889ರವರೆಗೆ ಆರು ಸಲ ಓಪನ್ ಚಾಂಪಿಯನ್‌ಶಿಪ್ ನಡೆದ ಜಾಗ ಅದು. ಖರ್ಚು ಕಡಿಮೆ. ಕೈ ಬಿಗಿಯಾಗಿದ್ದವರು ಅಲ್ಲೇ ಇಳಿದುಬಿಡಿ, ಪಶ್ಚಾತ್ತಾಪ ಆಗುವುದಿಲ್ಲ.

2016ರಲ್ಲಿ ಏನಾಗಿತ್ತು ಅಂತ ಹೇಳದೆ ಮುಂದಿನದು ಅರ್ಥವಾಗದು. ಆಫೀಸಿನ ನಾಲ್ಕು ಜನ ಸೇರಿ ಐದು ದಿನದಲ್ಲಿ ಐದು ಮೈದಾನ ಅಂತ ಹೊರಟಿದ್ದೆವು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ಗೆ ಚೀಟಿ ಎತ್ತುತ್ತಾರೆ, ನಮ್ಮ ಹೆಸರು ಬರಲಿಲ್ಲ. ಭಾನುವಾರ ಅಲ್ಲಿ ಆಟವಿಲ್ಲ, ಊರವರು ನಾಯಿ ಹಿಡಿದುಕೊಂಡು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಮೇಲೆ ಅಡ್ಡಾಡುತ್ತಾರೆ. ನಾವೂ ಅಡ್ಡಾಡಿ, ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ತೆಗೆಸಿಕೊಂಡು ಬಂದೆವು. ಆ ಹೊಟ್ಟೆಯುರಿಯಲ್ಲೇ ನಾಲ್ಕನೇ ದಿನ ನಾರ್ತ್ ಬೆರಿಕ್‌ಗೆ ಬಂದದ್ದು. ಮಳೆ, ಸುಸ್ತು, ಸಾಲದ್ದಕ್ಕೆ ಮೈದಾನದ ನಡುವೆ ಅಡ್ಡಾದಿಡ್ಡಿ ಕಲ್ಲಿನ ಗೋಡೆಗಳು. ಯಾರದೋ ಹೊಲದ ಬೇಲಿ ಕಿತ್ತು ಹಾಕೋದಕ್ಕೆ ಇವರಿಗೆ ದುಡ್ಡಿಲ್ವಾ ಅಂತ ನಾನು ಜೋರಾಗಿ ಕೇಳಿದ್ದು ನೆನಪಿದೆ. ಕನ್ನಡದಲ್ಲಿ ಕೇಳಿದ್ದರಿಂದ ಮಾನ ಉಳಿಯಿತು.

ಕ್ಲಬ್ಬು 1832ರದ್ದು. ಬೆಂಗಳೂರಿನ ಹೈಗ್ರೌಂಡ್ಸ್‌ನ ಕ್ಲಬ್ಬು 1876ರದ್ದು ಅಂತ ನಾವು ಎದೆ ಉಬ್ಬಿಸಿಕೊಳ್ಳುತ್ತೇವಲ್ಲ, ಅದಕ್ಕಿಂತ 44 ವರ್ಷ ಮೊದಲು. ಒಬ್ಬರು ಕೂತು ನಕ್ಷೆ ಬರೆದು ಮಾಡಿದ ಮೈದಾನವಲ್ಲ ಇದು. ಕೆಲವೇ ಹೋಲ್‌ಗಳಿಂದ ಶುರುವಾಗಿ, ಪಕ್ಕದ ಜಾಗ ಸಿಕ್ಕಂತೆಲ್ಲ ಪಶ್ಚಿಮಕ್ಕೆ ಬೆಳೆಯುತ್ತಾ ಹೋದದ್ದು. ಗೋಡೆಗಳು ಮೊದಲೇ ಇದ್ದವು. ಆಟ ಆಮೇಲೆ ಬಂತು.

ಲಿಂಕ್ಸ್ ಅನ್ನುವುದರ ಬಗ್ಗೆ ಒಂದು ಮಾತು. ಕೊಂಡಿ ಎಂಬ ಅರ್ಥದ ‘ಲಿಂಕ್’ಗೂ ಇದಕ್ಕೂ ಸಂಬಂಧವಿಲ್ಲ. ಕಡಲಿಗೂ ಉಳುವ ಹೊಲಕ್ಕೂ ನಡುವೆ ಉಳಿಯುವ ಹೊಯ್ಗೆ (ಮರಳು) ದಿಬ್ಬದ ಜಾಗಕ್ಕೆ ಸ್ಕಾಟ್ಲೆಂಡಿನ ಹಳೇ ಹೆಸರು ಅದು. ನಾನು ಕುಂದಾಪುರ ಕಡೆಯವನು. ಮರವಂತೆಯಲ್ಲಿ ರಸ್ತೆಯ ಪಡುವಕ್ಕೆ ಇರುವ ಹೊಯ್ಗೆಯ ಏರಿಳಿತದ ಮೇಲೆ ಗರಿಕೆಯಂಥ ಸಣ್ಣ ಹುಲ್ಲು ಬೆಳೆದು, ಅದನ್ನು ಕುರಿಗಳು ನೂರಾರು ವರ್ಷ ಮೇಯ್ದಿವೆ ಅಂತ ಊಹಿಸಿಕೊಳ್ಳಿ. ಅದೇ ಲಿಂಕ್ಸ್. ಕೊಡಗಿನ ಬಿಟ್ಟಂಗಾಲದ ಮೈದಾನದ ಹೆಸರಿನಲ್ಲೂ ಲಿಂಕ್ಸ್ ಇದೆ, ಕಾಫಿ ತೋಟದ ಸೀಮೆಗೆ ಕಡಲು ಎಲ್ಲಿಂದ ಬಂತೋ ಗೊತ್ತಿಲ್ಲ! ಮೈದಾನ ಚೆನ್ನಾಗಿದೆ, ಅದು ಬೇರೆ ಮಾತು.

ಹೊಯ್ಗೆ ಇದ್ದಲ್ಲಿ ನೀರು ನಿಲ್ಲುವುದಿಲ್ಲ. ನೆಲ ಗಟ್ಟಿ. ಬೆಂಗಳೂರಿನಲ್ಲಿ ದಿನಾ ನೀರು ಕುಡಿದ ಗ್ರೀನ್ (ತೂತಿರುವ ನುಣ್ಣನೆ ಹುಲ್ಲಿನ ಜಾಗ) ಮೇಲೆ ಚೆಂಡು ಇಡ್ಲಿ ಹಿಟ್ಟಿಗೆ ಬಿದ್ದ ಹಾಗೆ ಬಿದ್ದಲ್ಲೇ ಕೂರುತ್ತದೆ. ಇಲ್ಲಿ ಸಿಮೆಂಟ್ ಅಂಗಳಕ್ಕೆ ಬಿದ್ದ ಹಾಗೆ ಪುಟಿದು ಓಡುತ್ತದೆ. ನಾನು ಇಪ್ಪತ್ತು ವರ್ಷ ಕಲಿತ ಆಟವೆಲ್ಲ ಚೆಂಡನ್ನು ಎತ್ತರಕ್ಕೆ ಎತ್ತಿ ಇಳಿಸುವ ಆಟ. 2016ರಲ್ಲಿ ಅದನ್ನೇ ಆಡಿ ಸೋತು, ಬೈದದ್ದು ಮಾತ್ರ ಮೈದಾನವನ್ನು.

ಈ ಸಲ ಮೊದಲ ದಿನ ಪಡುಗಾಳಿ. ಅಲ್ಲಿ ಜಾಸ್ತಿ ಬೀಸುವುದು ಅದೇ. ಮೈದಾನ ಊರಿನಿಂದ ಪಶ್ಚಿಮಕ್ಕೆ ಹೋಗಿ ಅದೇ ದಾರಿಯಲ್ಲಿ ಊರಿಗೆ ವಾಪಸ್ ಬರುತ್ತದೆ. ಹೋಗುವಾಗ ಕಡಲು ಬಲಕ್ಕೆ, ಗಾಳಿ ಮುಖಕ್ಕೆ. ಬರುವಾಗ ಕಡಲು ಎಡಕ್ಕೆ, ಗಾಳಿ ಬೆನ್ನಿಗೆ. ಮೊದಲ ಹೋಲ್‌ನಲ್ಲಿ ಐರನ್ ತೆಗೆದು ಮೆತ್ತಗೆ ಹೊಡೆದು ನಿಲ್ಲಿಸಬೇಕು. ಜೋರಾಗಿ ಹೊಡೆದರೆ ಮುಂದೆ ತಗ್ಗು, ಬಲಕ್ಕೆ ಬೀಚು. ಆಮೇಲೆ ಮೇಲಿರುವ, ಕಣ್ಣಿಗೆ ಕಾಣದ ಗ್ರೀನ್‌ಗೆ ಹೊಡೆಯಬೇಕು. ಕ್ಲಬ್ ಮನೆಯ ಕಿಟಕಿಯಲ್ಲಿ ಹತ್ತು ಜನ ನೋಡುತ್ತಿರುವಾಗ, ಮೈ ಇನ್ನೂ ಬಿಸಿಯಾಗದ ಹೊತ್ತಿನಲ್ಲಿ ಇದೇನು ಪರೀಕ್ಷೆ? ಸಾಲದ್ದಕ್ಕೆ ಬೀಚಿಗೆ ಹೋಗುವ ಜನ ಐಸ್‌ಕ್ರೀಮ್ ತಿನ್ನುತ್ತಾ ಫೇರ್‌ವೇ ದಾಟುತ್ತಿರುತ್ತಾರೆ. ಇದನ್ನು ಹೊಗಳುವವರ ಮಾತು ನನಗೆ ಇನ್ನೂ ಅರ್ಥವಾಗಿಲ್ಲ.

ಎರಡನೇ ಹೋಲ್ ಹೆಸರೇ ‘ಸೀ’. ಬೀಚನ್ನು ದಾಟಿಸಿ ಹೊಡೆಯಬೇಕು. ಬೀಚಿನ ಮೇಲಿಂದ ಎಷ್ಟು ಅಡ್ಡ ಹಾಯಿಸಿ ಹೊಡೆಯುತ್ತೀರಿ ಅನ್ನುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಅಳಿಯ ಧೈರ್ಯ ಮಾಡಿದ. ಅವನ ಚೆಂಡು ಹೊಯ್ಗೆಯಲ್ಲಿ ಕೋಟೆ ಕಟ್ಟುತ್ತಿದ್ದ ಇಬ್ಬರು ಮಕ್ಕಳ ಹತ್ತಿರ ಬಿತ್ತು. ಮಕ್ಕಳೇ ಸರಿದು ದಾರಿ ಬಿಟ್ಟರು. ಮಾಮೂಲಿ ವಿಷಯ ಅನ್ನುವ ಹಾಗೆ.

ನಡುವಿನ ಹೋಲ್‌ಗಳನ್ನು ಬಿಟ್ಟುಬಿಡುತ್ತೇನೆ. ಎಂಟರಿಂದ ಹನ್ನೊಂದರವರೆಗೆ ಕೆಟ್ಟದ್ದು ಅಂತಲ್ಲ, ನೆನಪಿನಲ್ಲಿ ಉಳಿಯುವುದಿಲ್ಲ. ಎರಡು ದಿನ ಆಡಿದ ಮೇಲೂ ಒಂಬತ್ತನೆಯದು ಎತ್ತ ತಿರುಗುತ್ತದೆ ಅಂತ ಕೇಳಿದರೆ ಯೋಚಿಸಬೇಕು. ಫೋನ್ ನೋಡುವುದಿದ್ದರೆ ಅಲ್ಲೇ ನೋಡಿಕೊಳ್ಳಿ.

ಈ ಮೈದಾನದ ಅಸಲು ವಿಷಯ ಶುರುವಾಗುವುದು 13ರಲ್ಲಿ. ಹೆಸರು ‘ಪಿಟ್’. ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತು ನೋಡಿದರೆ ಸಾಧಾರಣ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಎಡಕ್ಕೆ ಹಳೇ ಕಲ್ಲುಗೋಡೆ, ಮಂಡಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ. ಗ್ರೀನ್ ಎಲ್ಲಿ ಅಂತ ಹುಡುಕಿದರೆ ಗೋಡೆಯ ಆಚೆ, ಗೋಡೆಗೂ ಹೊಯ್ಗೆ ದಿಬ್ಬಕ್ಕೂ ನಡುವಿನ ತಗ್ಗಿನಲ್ಲಿ ಬಚ್ಚಿಟ್ಟುಕೊಂಡಿದೆ. 2016ರಲ್ಲಿ ಇಲ್ಲಿ ನನ್ನ ಜೀವಮಾನದ ಒಳ್ಳೆಯ ಡ್ರೈವ್ (ಟೀಯಿಂದ ಹೊಡೆಯುವ ಉದ್ದದ ಹೊಡೆತ) ಹೊಡೆದಿದ್ದೆ. ಹೋಗಿ ನೋಡಿದರೆ ಚೆಂಡು ಗೋಡೆಯ ಬುಡದಿಂದ ಹತ್ತು ಹೆಜ್ಜೆ. ಚೆಂಡನ್ನು ಎತ್ತರಕ್ಕೆ ಎತ್ತುವ ಕೋಲು ವೆಡ್ಜ್ ತೆಗೆದು ಎತ್ತಿದೆ. ಗೋಡೆಯ ಮೇಲಿನ ಕಲ್ಲಿಗೆ ಟಪ್ಪಂತ ಬಡಿದು ನನ್ನ ಕಿವಿಯ ಪಕ್ಕದಲ್ಲೇ ವಾಪಸ್ ಹೋಯಿತು. ಮೂವರು ಬಿದ್ದು ಬಿದ್ದು ನಕ್ಕರು. ಒಳ್ಳೆಯ ಹೊಡೆತಕ್ಕೆ ಶಿಕ್ಷೆ ಕೊಡುವ ಮೈದಾನ ಎಂಥ ಮೈದಾನ ಅನ್ನುವುದು ಆಗಿನ ನನ್ನ ವಾದ.

ಈ ಸಲ ಮೊದಲ ದಿನವೂ ಅದೇ ತಪ್ಪು. ಬೆನ್ನಿಗೆ ಗಾಳಿ ಬೇರೆ. ಎಲ್ಲಕ್ಕಿಂತ ಉದ್ದ ಹೊಡೆಯುವ ಕೋಲು ಡ್ರೈವರ್ ಹಿಡಿದೆ. ಅಳಿಯ, "ಮಾವ, ಐರನ್ ಸಾಕಲ್ವಾ?" ಅಂದ. ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ಗೋಡೆಯ ಬುಡ. ಈ ಸಲ ಎತ್ತಿ ದಾಟಿಸಿದೆ. ಚೆಂಡು ಗ್ರೀನ್ ಮೇಲೆ ಒಂದು ಸಲ ಪುಟಿದು ಆಚೆಯ ದಿಬ್ಬದ ಉದ್ದ ಹುಲ್ಲಿನಲ್ಲಿ ಮಾಯವಾಯಿತು. ಅಳಿಯನದು ಹಿಂದೆ, 130 ಗಜ ದೂರ ಇತ್ತು. ಅಲ್ಲಿಂದ ತಗ್ಗಾಗಿ ಹೊಡೆದ. ಗೋಡೆಯನ್ನು ಆರಾಮಾಗಿ ದಾಟಿ, ತಗ್ಗಿನೊಳಗೆ ಓಡಿ, ಗ್ರೀನ್ ನಡುವೆ ನಿಂತಿತು. ಅವನು ಗಾಲ್ಫ್ ಶುರುಮಾಡಿ ಮೂರು ವರ್ಷ. ಬಾಡಿಗೆ ಸೆಟ್ಟಿನಲ್ಲಿ ಆಡುತ್ತಿದ್ದ.

ಆಗ ಮಾತಾಡಲಿಲ್ಲ. ಆ ರಾತ್ರಿ ರೂಮಿನಲ್ಲಿ ಮಲಗಿ ಯೋಚಿಸಿದೆ. ಯೋಚಿಸಲು ಬೇಕಾದಷ್ಟು ಸಮಯವಿತ್ತು, ಯಾಕೆಂದರೆ ಆ ರೂಮಿನಲ್ಲಿ ನಿದ್ದೆ ಬರುವ ಹಾಗಿರಲಿಲ್ಲ. ‘ಕಡಲು ಕಾಣುವ ರೂಮು’ ಅಂತ ರಾತ್ರಿಗೆ 165 ಪೌಂಡ್ ತಗೊಂಡಿದ್ದರು. ಕಡಲು ಕಾಣುತ್ತಿತ್ತು, ಸುಳ್ಳಲ್ಲ. ಬಾತ್‌ರೂಮಿನ ಟಬ್ಬಿನ ಅಂಚಿನ ಮೇಲೆ ನಿಂತು ಮೇಲಿನ ಸಣ್ಣ ಕಿಟಕಿ ತೆಗೆದರೆ ಎರಡು ಚಿಮಣಿಗಳ ನಡುವೆ ಒಂದು ಗೇಣು ಕಡಲು. ಹೀಟರ್ ಅನ್ನು ರಾತ್ರಿ ಹತ್ತಕ್ಕೆ ಅವರೇ ಆಫ್ ಮಾಡುತ್ತಾರೆ. ಮಂಚಗಳು ಎರಡು ಅಂತ ಬರೆದಿತ್ತು, ಎರಡನೆಯದು ಸೋಫಾ. ಅಳಿಯ ಅದರ ಮೇಲೆ ಕಾಲು ಮಡಚಿಕೊಂಡು ಮಲಗಿದ. ಬೆಳಗಿನ ತಿಂಡಿ ಸೇರಿದೆಯಾ ಅಂತ ಕೇಳಿದ್ದಕ್ಕೆ ಬುಟ್ಟಿಯಲ್ಲಿದ್ದ ಎರಡು ಬಿಸ್ಕತ್ ಪ್ಯಾಕೆಟ್ ತೋರಿಸಿದರು. ಜನಜಂಗುಳಿ ನನಗೆ ಆಗದು, ಮಳೆ ಚಳಿ ತಡೆದುಕೊಳ್ಳುತ್ತೇನೆ. ಆದರೆ ದುಡ್ಡು ಕೊಟ್ಟು ಚಳಿ ಕೊಂಡುಕೊಳ್ಳುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಎಡಿನ್‌ಬರಾದಲ್ಲೇ ಉಳಿದು ರೈಲಿನಲ್ಲಿ ಓಡಾಡಿ. ಸ್ಟೇಷನ್ನಿಂದ ಕ್ಲಬ್ಬಿಗೆ ಹತ್ತು ಹದಿನೈದು ನಿಮಿಷದ ನಡಿಗೆ, ಹೆಚ್ಚೂಕಮ್ಮಿ ಇಳಿಜಾರೇ. ಊರಿನಲ್ಲಿ ಉಳಿಯಬೇಕಾದ ಕಾರಣವೇ ಇಲ್ಲ.

ಹೊಟ್ಟೆಯ ವಿಷಯದಲ್ಲಿ ಮಾತ್ರ ಊರು ಕೈಬಿಡಲಿಲ್ಲ. ಮುಖ್ಯ ಬೀದಿಯಲ್ಲಿ ಎರಡು ಜನ ನಿಂತರೆ ಬಾಗಿಲು ಮುಚ್ಚಿಹೋಗುವಂಥ ಒಂದು ಫಿಶ್ ಅಂಡ್ ಚಿಪ್ಸ್ ಅಂಗಡಿ. ಬೋರ್ಡ್ ಮೇಲೆ ‘ಫಿಶ್ ಸಪ್ಪರ್’ ಅಂತಿತ್ತು. ಸಪ್ಪರ್ ರಾತ್ರಿಗಲ್ವಾ ಅಂತ ನಾನು ಹಿಂಜರಿದೆ. ಅಲ್ಲಿ ಸಪ್ಪರ್ ಅಂದರೆ ಜೊತೆಗೆ ಚಿಪ್ಸ್ ಉಂಟು ಅಂತ ಅರ್ಥ, ಮಧ್ಯಾಹ್ನ ಹನ್ನೆರಡಕ್ಕೂ ಸಪ್ಪರೇ. ಮೀನು ಹ್ಯಾಡಕ್. ಇಂಗ್ಲೆಂಡಿನಲ್ಲಿ ಜಾಸ್ತಿ ಕಾಡ್ ಕೊಡುತ್ತಾರೆ, ಸ್ಕಾಟ್ಲೆಂಡ್‌ನವರಿಗೆ ಹ್ಯಾಡಕ್ ಅಂದರೇ ಪ್ರಾಣ. ಕಾಯಿಸುವ ಹೆಂಗಸು ಹಿಟ್ಟಿನಲ್ಲಿ ಅದ್ದಿದ ಮೀನಿನ ಬಾಲ ಹಿಡಿದು, ತಲೆಯ ಕಡೆಯಿಂದ ಎಣ್ಣೆಗೆ ಮೆಲ್ಲಗೆ ಇಳಿಬಿಟ್ಟು, ಒಂದು ಸಲ ಆಚೀಚೆ ತೂಗಿ ಆಮೇಲೆ ಕೈಬಿಟ್ಟರು. ನಮ್ಮಮ್ಮ ಹಬ್ಬದಲ್ಲಿ ಬಾಳೆಕಾಯಿ ಪೋಡಿ ಬಿಡುವುದು ಹೀಗೇ, ಇಲ್ಲದಿದ್ದರೆ ತಳಕ್ಕೆ ಅಂಟುತ್ತದೆ.

ಕೊಡುವ ಮುಂಚೆ ಒಂದು ಪ್ರಶ್ನೆ ಬರುತ್ತದೆ. "ಸಾಲ್ಟ್ ಅಂಡ್ ಸಾಸ್?" ಹೌದು ಅನ್ನಿ. ಗ್ಲಾಸ್ಗೋದಲ್ಲಿ ಉಪ್ಪು ಮತ್ತು ವಿನೆಗರ್ ಹಾಕುತ್ತಾರೆ. ಎಡಿನ್‌ಬರಾ ಸುತ್ತಮುತ್ತ ಕಂದು ಬಣ್ಣದ ಸಾಸಿಗೆ ವಿನೆಗರ್ ಬೆರೆಸಿ ತೆಳ್ಳಗೆ ಮಾಡಿದ್ದನ್ನು ಬಾಟಲಿಯಿಂದ ಚಿಮುಕಿಸುತ್ತಾರೆ. ನಮ್ಮ ಹುಣಸೆಹುಳಿ ಚಟ್ನಿಯ ದೂರದ ನೆಂಟ ಅನ್ನಬಹುದು, ಹುಳಿ, ಸಿಹಿ, ಸ್ವಲ್ಪ ಘಾಟು. ಮೀನಿನ ಮೇಲಿನ ಗರಿಗರಿ ಅದರಲ್ಲಿ ಅರ್ಧ ನೆನೆದಾಗ ತಿನ್ನಬೇಕು. ಹಾರ್ಬರ್ ಕಟ್ಟೆ ಮೇಲೆ ಕೂತು ತಿಂದೆವು. ಒಂದು ಸಪ್ಪರ್‌ಗೆ 11 ಪೌಂಡ್, ಇಬ್ಬರಿಗೆ ಒಂದೇ ಸಾಕಿತ್ತು, ನಾವು ಎರಡು ತಗೊಂಡಿದ್ದೆವು. ಎರಡನ್ನೂ ಮುಗಿಸಿದೆವು. ಸೀಗಲ್ ಹಕ್ಕಿಗಳ ಬಗ್ಗೆ ಮಾತ್ರ ಎಚ್ಚರ. ನಮ್ಮ ಧರ್ಮಸ್ಥಳದ ಮಂಗಗಳಿಗೂ ಸ್ವಲ್ಪ ಮರ್ಯಾದೆ ಇದೆ, ಅವಕ್ಕಿಲ್ಲ. ಮೀನು ತಿನ್ನದವರಿಗೆ ಅದೇ ಅಂಗಡಿಯಲ್ಲಿ ಬರೀ ಚಿಪ್ಸ್ ಸಿಗುತ್ತದೆ. ಆದರೆ ಮೀನು ಕರಿದ ಎಣ್ಣೆಯೇ, ಕೇಳಿ ತಗೊಳ್ಳಿ. ಸೋಮವಾರವೂ ಅಲ್ಲೇ ತಿಂದೆವು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ.

ಸೋಮವಾರ ಬೆಳಿಗ್ಗೆ ಟಬ್ ಮೇಲೆ ಹತ್ತಿ ನೋಡಿದರೆ ಆ ಒಂದು ಗೇಣು ಕಡಲೂ ಇಲ್ಲ. ಗಾಳಿ ಮೂಡಣಕ್ಕೆ ತಿರುಗಿತ್ತು. ಆ ಕರಾವಳಿಯಲ್ಲಿ ಮೂಡುಗಾಳಿ ಬಂದರೆ ಕಡಲ ಮೇಲಿನಿಂದ ಮಂಜು ನುಗ್ಗುತ್ತದೆ, ಅದಕ್ಕೆ ‘ಹಾರ್’ ಅನ್ನುತ್ತಾರೆ. ಹೆಸರಿಗೆ ಹಾರ್, ಹಾರುವುದೇ ಇಲ್ಲ, ಕಂಬಳಿಯ ಹಾಗೆ ಹೊದ್ದು ಕೂರುತ್ತದೆ. ಹತ್ತು ಗಂಟೆಗೆ ಸ್ವಲ್ಪ ತೆರವಾದಾಗ ಶುರುಮಾಡಿದೆವು. ಅದೇ ಹದಿನೆಂಟು ಹೋಲ್, ಮೈದಾನವೇ ಬೇರೆ. ನಿನ್ನೆ ಐರನ್ ಹೊಡೆದಲ್ಲಿ ಇವತ್ತು ಡ್ರೈವರ್, ನಿನ್ನೆ ಡ್ರೈವರ್ ಹೊಡೆದಲ್ಲಿ ಇವತ್ತು ಐರನ್.

13ಕ್ಕೆ ಬಂದೆವು. ಗಾಳಿ ಮುಖಕ್ಕಿತ್ತು. ನಾನು ಬೇಕಂತಲೇ ಹಿಂದೆ ನಿಲ್ಲಿಸಿದೆ, ಗೋಡೆಗೆ 140 ಗಜ ದೂರ. ಅಲ್ಲಿಂದ ನೋಡಿದಾಗ ಗೋಡೆ ಅಡ್ಡಿಯಾಗಿ ಕಾಣಲೇ ಇಲ್ಲ. ಹತ್ತಿರ ಹೋದಷ್ಟೂ ಅದು ಎತ್ತರವಾಗುತ್ತದೆ, ಚೆಂಡನ್ನು ಎತ್ತಬೇಕಾಗುತ್ತದೆ, ಎತ್ತಿದ್ದು ಆ ಗಟ್ಟಿ ನೆಲದಲ್ಲಿ ನಿಲ್ಲದು. ದೂರವೇ ವಾಸಿ. ಬೇರೆಲ್ಲ ಮೈದಾನದಲ್ಲಿ ಉದ್ದ ಹೊಡೆದವನಿಗೆ ಲಾಭ. ಇಲ್ಲಿ ಮೂರೂವರೆ ಅಡಿಯೂ ಇಲ್ಲದ ಒಂದು ಗೋಡೆ ಆ ಲೆಕ್ಕವನ್ನೇ ತಲೆಕೆಳಗು ಮಾಡಿದೆ.

ಆಗ ನೆನಪಾದದ್ದು ನಮ್ಮ ಕೇರಿಯ ಕ್ರಿಕೆಟ್. ಲೆಗ್ ಸೈಡಿಗೆ ಪಕ್ಕದ ಮನೆಯ ಕಂಪೌಂಡು, ಆಫ್ ಸೈಡಿಗೆ ಎರಡು ತೆಂಗಿನ ಮರ, ಬೌಲರ್ ಹಿಂದೆ ಬಾವಿಕಟ್ಟೆ. ಬಾವಿಗೆ ಬಿದ್ದರೆ ಔಟು, ಮೇಲೆ ಕೊಡಪಾನ ಬಿಟ್ಟು ಚೆಂಡು ತೆಗೆಯುವ ಕೆಲಸವೂ ಹೊಡೆದವನದೇ. ಬಾವಿ ಮುಚ್ಚಿಸಿ ಅಂತ ನಾವು ಯಾವತ್ತೂ ಕೇಳಲಿಲ್ಲ. ನೆಲಕ್ಕೆ ಹೊಡೆಯುವುದು ಕಲಿತೆವು. ಅದೇ ನಾನು, ನಲವತ್ತು ದಾಟಿದ ಮೇಲೆ, ಸಾವಿರಾರು ಮೈಲಿ ಬಂದು ಗೋಡೆ ಕಿತ್ತುಹಾಕಿ ಅಂದೆ.

15ನೆಯದು ‘ರೆಡಾನ್’. ಗಾಲ್ಫ್ ಲೋಕದಲ್ಲಿ ಇಷ್ಟು ನಕಲಾದ ಪಾರ್ 3 ಇನ್ನೊಂದಿರಲಾರದು. ಗಾಲ್ಫ್ ಮೈದಾನಗಳನ್ನು ರೂಪಿಸುತ್ತಿದ್ದ ಚಾರ್ಲ್ಸ್ ಬ್ಲೇರ್ ಮ್ಯಾಕ್ಡೊನಾಲ್ಡ್ ಅಮೆರಿಕದ ಲಾಂಗ್ ಐಲೆಂಡಿನ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನಲ್ಲಿ ನಾಲ್ಕನೇ ಹೋಲ್ ಆಗಿ ಇದನ್ನೇ ಕಟ್ಟಿದರು. ಆಮೇಲೆ ಅಲ್ಲಿ ಇದು ಒಂದು ರೂಢಿಯೇ ಆಯಿತು. ಹೆಸರು ಕ್ರಿಮಿಯಾ ಯುದ್ಧದಿಂದ ಬಂದದ್ದು. ಸೆವಾಸ್ಟೊಪೋಲ್‌ನಲ್ಲಿ ಬ್ರಿಟಿಷರು 1855ರಲ್ಲಿ ನುಗ್ಗಲಾಗದೆ ಸೋತು ಹಿಂದಿರುಗಿದ ಕೋಟೆ ರೆಡಾನ್. ಗ್ರೀನ್ ನಿಮಗೆ ಅಡ್ಡವಾಗಿ, ಮುಂದಿನ ಬಲಗಡೆಯಿಂದ ಹಿಂದಿನ ಎಡಗಡೆಗೆ ಓರೆಯಾಗಿ ಕೂತಿದೆ. ನಿಮ್ಮಿಂದ ದೂರಕ್ಕೆ ಇಳಿಜಾರು. ಎಡಕ್ಕೆ ಆಳದ ಬಂಕರ್, ಅಂದರೆ ಹೊಯ್ಗೆ ಗುಂಡಿ. ನೇರ ಧ್ವಜಕ್ಕೆ ಹೊಡೆದರೆ ಬಂಕರ್, ಇಲ್ಲವೇ ಗ್ರೀನ್ ಆಚೆ. ಗ್ರೀನ್‌ನ ಬಲಗಡೆಯ ಭುಜದ, ಅಂದರೆ ಉಬ್ಬಿದ ಅಂಚಿನ ಮೇಲೆ ಬೀಳಿಸಿದರೆ ನೆಲವೇ ಎಡಕ್ಕೆ ತಿರುಗಿಸಿ ಒಳಗೆ ಕರೆದುಕೊಂಡು ಹೋಗುತ್ತದೆ. 2016ರಲ್ಲಿ ನನ್ನ ಚೆಂಡು ತಪ್ಪಿ ಬಲಕ್ಕೆ ಹೋಗಿ, ಉರುಳಿ ಉರುಳಿ ಧ್ವಜದಿಂದ ಆರಡಿಗೆ ನಿಂತಿತ್ತು. ಇಡೀ ಮೈದಾನದಲ್ಲಿ ಇದೊಂದೇ ಹೋಲ್ ಚೆನ್ನಾಗಿದೆ ಅಂತ ಆಗ ಊರೆಲ್ಲ ಹೇಳಿದ್ದೆ.

ಈಗ ಅದನ್ನೂ ತಿದ್ದಬೇಕು. ಗುಟ್ಟು ಗೊತ್ತಿಲ್ಲದಾಗ ರೆಡಾನ್ ಮಾಯಾಜಾಲ. ಗೊತ್ತಾದಮೇಲೆ ಉತ್ತರ ಒಂದೇ. ಬಲಕ್ಕೆ ಹೊಡಿ, ಕಾಯಿ. ಟೀಯಿಂದ ಗ್ರೀನ್ ಸರಿಯಾಗಿ ಕಾಣುವುದೂ ಇಲ್ಲ, ಆದ್ದರಿಂದ ಚೆಂಡು ತಿರುಗುವ ಚಂದ ನೋಡುವ ಭಾಗ್ಯವೂ ಇಲ್ಲ. ಸೋಮವಾರದ ಎದುರುಗಾಳಿಗೆ ನಾನು ಉದ್ದ ಹೋಗುವ ‘ವುಡ್’ ಕೋಲಿನಲ್ಲಿ ಹೊಡೆದೆ, ಭುಜದ ತನಕ ಹೋಗಲೇ ಇಲ್ಲ. ಒಳ್ಳೆಯ ಹೋಲ್, ಇಲ್ಲ ಅನ್ನಲ್ಲ. ಆದರೆ ಪುಸ್ತಕ ಓದಿಕೊಂಡು ಅದನ್ನೇ ನೋಡಲು ಬರುವವರು ಟೀಯಲ್ಲಿ ಫೋಟೋ ತೆಗೆಯುತ್ತಾ ನಿಂತು ಹಿಂದಿನವರನ್ನು ಕಾಯಿಸುತ್ತಾರೆ. ಎರಡೂ ದಿನ ಹತ್ತಿಪ್ಪತ್ತು ನಿಮಿಷ ಅಲ್ಲೇ ಹೋಯಿತು.

ಅವರು ಫೋಟೋ ತೆಗೆಯಬೇಕಾದ್ದು ಮುಂದಿನದನ್ನು. 16ನೆಯದು, ‘ಗೇಟ್’. ಇದರ ಗ್ರೀನ್ ಅನ್ನು ಹೇಗೆ ವಿವರಿಸಲಿ? ನಮ್ಮ ಹಳೇ ಮನೆಗಳಲ್ಲಿ ಹೆಬ್ಬಾಗಿಲಿನ ಎರಡೂ ಕಡೆ ಜಗಲಿ ಇರುತ್ತದಲ್ಲ, ನಡುವೆ ಕೆಳಗೆ ಓಡಾಡುವ ದಾರಿ. ಹಾಗೆ ಎರಡು ಜಗಲಿ, ನಡುವೆ ಆಳದ ಓಣಿ, ಎಲ್ಲವೂ ಸೇರಿ ಒಂದೇ ಗ್ರೀನ್. ಅದೂ ಉದ್ದಕ್ಕೆ, ಸಪೂರ, ನೀವು ಬರುವ ದಾರಿಗೆ ಓರೆಯಾಗಿ. ಓಣಿಯೊಳಗೆ ಇಳಿದು ನಿಂತರೆ ಜಗಲಿಯ ಅಂಚು ಸೊಂಟದ ಹತ್ತಿರ. ಧ್ವಜ ಯಾವ ಜಗಲಿಯ ಮೇಲಿದೆ ಅನ್ನುವುದರ ಮೇಲೆ ನಿಮ್ಮ ಡ್ರೈವ್ ಎಲ್ಲಿಗೆ ಹೋಗಬೇಕು ಅನ್ನುವುದು ನಿರ್ಧಾರವಾಗುತ್ತದೆ. ತಪ್ಪು ಜಗಲಿಗೆ ಹೋದರೆ ಚೆಂಡು ಓಣಿಗೆ ಇಳಿದು ಮತ್ತೆ ಹತ್ತಬೇಕು.

ಮೊದಲ ಸಲ ಇದನ್ನು ‘ತಮಾಷೆ’ ಅಂದಿದ್ದೆ. ಈ ಸಲ ಭಾನುವಾರ ಧ್ವಜ ಮುಂದಿನ ಜಗಲಿಯಲ್ಲಿ, ನಾನು ಹಿಂದಿನದಕ್ಕೆ ಹೋಗಿ ನಾಲ್ಕು ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಹೊಡೆದೆ. ಸೋಮವಾರ ಹಿಂದಿನ ಜಗಲಿಯಲ್ಲಿತ್ತು. ನನ್ನ ಚೆಂಡು ಓಣಿಯಲ್ಲಿ. ಅಳಿಯ, "ಎತ್ತಬೇಡಿ ಮಾವ, ಉರುಳಿಸಿ" ಅಂದ. ಪಟ್ಟರ್ ತಗೊಂಡೆ. ಚಿಕ್ಕಂದಿನಲ್ಲಿ ಗೋಲಿ ಆಡುವಾಗ ಗೋಡೆಯ ಬುಡದ ಇಳಿಜಾರು ನೋಡಿ ಉರುಳಿಸುತ್ತಿದ್ದೆವಲ್ಲ, ಹಾಗೆ ನೇರ ಬಿಟ್ಟು ಎರಡು ಮೊಳ ಬಲಕ್ಕೆ ಗುರಿಯಿಟ್ಟು ತಳ್ಳಿದೆ. ಜಗಲಿಯ ಅಂಚು ಹತ್ತಿತು. ಅಲ್ಲಿ ಒಂದು ಕ್ಷಣ ನಿಂತೇಬಿಟ್ಟಿತು ಅನ್ನಿಸಿತು. ಆಮೇಲೆ ಮೆಲ್ಲಗೆ ಎಡಕ್ಕೆ ಹೊರಳಿ ತೂತಿನ ಪಕ್ಕ ಬಂದು ಕೂತಿತು. ಒಳಗೆ ಹೋಗಲಿಲ್ಲ. ಹೋಗಿದ್ದರೆ ನಾನು ಇಷ್ಟು ಹೊತ್ತಿಗೆ ಅಲ್ಲೇ ಮನೆ ಮಾಡಿರುತ್ತಿದ್ದೆ.

18ನೆಯದಕ್ಕೆ ಬರುವಾಗ ಒಂದು ಎಚ್ಚರಿಕೆ. 300 ಗಜವೂ ಇಲ್ಲದ ಪಾರ್ 4, ಹೊಡೆದರೆ ಗ್ರೀನ್‌ಗೇ ಹೋಗಿಬಿಡುತ್ತೇನೆ ಅನ್ನಿಸುತ್ತದೆ. ಬಲಕ್ಕೆ ರಸ್ತೆ, ರಸ್ತೆಯ ಅಂಚಿಗೆ ಸಾಲಾಗಿ ಕಾರುಗಳು. ಬಾಡಿಗೆ ಕಾರಿನಲ್ಲಿ ಬಂದವರು ಅಲ್ಲಿ ನಿಲ್ಲಿಸಬೇಡಿ. ಟೀಯಲ್ಲಿ ನಿಂತಾಗ ನಿಮ್ಮ ಕಣ್ಣು ನಿಮ್ಮ ಕಾರಿನ ಮೇಲೇ ಇರುತ್ತದೆ, ಚೆಂಡು ಕಣ್ಣಿದ್ದಲ್ಲಿಗೇ ಹೋಗುತ್ತದೆ.

ಸಾಮಾನಿನ ಬಗ್ಗೆ: ಎತ್ತರಕ್ಕೆ ಎತ್ತುವ ಆ ಮೂರನೇ ವೆಡ್ಜ್ ಮನೆಯಲ್ಲೇ ಬಿಟ್ಟು ಬನ್ನಿ, ಇಲ್ಲಿ ಅದು ಹೊರೆ. ಬಂಕರಿನಿಂದ ಹೊರಗೆ ಬರಲು ಒಂದು ಸಾಕು. 7 ಐರನ್ನಿನಲ್ಲಿ ಉರುಳಿಸುವುದನ್ನು ಇಲ್ಲೇ ಒಂದು ತಿಂಗಳು ಅಭ್ಯಾಸ ಮಾಡಿ. ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ (ನಿಮ್ಮ ಆಟದ ಮಟ್ಟ ಹೇಳುವ ಪತ್ರ) ಫೋನಿನಲ್ಲಿರಲಿ. ಕಿವಿ ಮುಚ್ಚುವ ಟೋಪಿ ತನ್ನಿ, ಸೆಪ್ಟೆಂಬರಿನಲ್ಲೂ ಬೇಕು. ಫೀ ಮೊದಲ ಸಲಕ್ಕಿಂತ ಎಷ್ಟೋ ಜಾಸ್ತಿಯಾಗಿದೆ, ಎರಡು ದಿನ ಅಂದರೆ ಕೈ ನಡುಗುತ್ತದೆ, ಒಪ್ಪುತ್ತೇನೆ. ಅದಕ್ಕೇ ಹೇಳುವುದು, ಐದು ಮೈದಾನ ಬೇಡ, ಮೂರು ಸಾಕು. ಉಳಿದ ದುಡ್ಡಿನಲ್ಲಿ ಇದನ್ನೇ ಎರಡು ಸಲ ಆಡಿ. ನಡುವೆ ಗಾಳಿ ತಿರುಗಿದರೆ ನಿಮ್ಮ ಅದೃಷ್ಟ. ಕಡಲಾಚೆ ಬ್ಯಾಸ್ ರಾಕ್ ಬೆಳ್ಳಗೆ ಕಾಣುತ್ತದೆ. ಅದು ಸುಣ್ಣವಲ್ಲ, ಗ್ಯಾನೆಟ್ ಹಕ್ಕಿಗಳು, ಮತ್ತು ಅವು ಮಾಡಿಟ್ಟದ್ದು. ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ನಾವು ಹೋಗಲಿಲ್ಲ, ಸಾಲು ಉದ್ದ ಇತ್ತು. ಆಮೇಲಿನ ಮೂರು ದಿನ ಎಡಿನ್‌ಬರಾದಲ್ಲಿದ್ದೆ, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಸೋಮವಾರ ಸಂಜೆ ವಾಪಸ್ ಹೊರಡುವಾಗ ಪಕ್ಕದಲ್ಲೇ 9 ಹೋಲ್‌ಗಳ ಪುಟ್ಟ ಮೈದಾನ ಕಂಡಿತು. ಮಕ್ಕಳ ಕೋರ್ಸ್. ಸಣ್ಣ ಸಣ್ಣ ಗ್ರೀನ್‌ಗಳು, ಅವಕ್ಕೂ ಅಪ್ಪನ ಮುಖದ ಹೋಲಿಕೆ, ಅದೇ ಉಬ್ಬು ತಗ್ಗು. ಇನ್ನೂ ಬೆಳಕಿತ್ತು, ಆಡೋಣ ಅಂದೆ. ಆಗಲ್ಲ ಅಂದರು. ದೊಡ್ಡವರು ಅಲ್ಲಿ ಆಡಬೇಕಾದರೆ ಜೊತೆಗೆ ಮಗು ಇರಲೇಬೇಕು. ಅಳಿಯನ ಮಗಳಿಗೆ ಈಗ ಎರಡು ವರ್ಷ. ರೈಲು ಬರುವ ತನಕ ಪ್ಲಾಟ್‌ಫಾರ್ಮ್ ಮೇಲೆ ಕೂತು, ಅವಳು ಯಾವ ವಯಸ್ಸಿಗೆ ಪಟ್ಟರ್ ಹಿಡಿಯಬಹುದು ಅಂತ ಲೆಕ್ಕ ಹಾಕಿದೆವು. ನಾನು ನಾಲ್ಕು ಅಂದೆ. ಅವನು, "ಐದು ಮಾವ, ಟಿಕೆಟ್ ಈಗಲೇ ಬುಕ್ ಮಾಡ್ಬೇಡಿ" ಅಂದ.